ತಿದ್ದಿದ ಚಿತ್ರವು ಸುಳ್ಳುಸಾಕ್ಷಿಯೋ?



ನವಂಬರ್ ತಿಂಗಳಿನ ಅಮಾವಾಸ್ಯೆಯ ಆಸುಪಾಸಿನಲ್ಲಿ, ರಾತ್ರಿ ಸುಮಾರು 9 ಗಂಟೆಗೆ, ಊರಿನ ದೀಪಗಳಿಂದ ಸ್ವಲ್ಪ ದೂರ ಹೋಗಿ ಗದ್ದೆಯ ಬದುವಿನ ಮೇಲೆ ನಿಂತು, ಉತ್ತರಕ್ಕೆ ಮುಖಮಾಡಿ ತಲೆಯನ್ನು ಚೆನ್ನಾಗಿ ಮೇಲಕ್ಕೆತ್ತಿದರೆ, ನಕ್ಷತ್ರಗಳ ನಡುವೆ ಒಂದು ಚಿಕ್ಕ ಮಬ್ಬು ಬಿಳುಪು ಕಾಣುವದು. ಮೊದಲು ಅದು ಸಿಕ್ಕುವದಿಲ್ಲ. ಕಣ್ಣು ಕತ್ತಲೆಗೆ ಒಗ್ಗುವ ತನಕ ಕಾಲು ಗಂಟೆಯಾದರೂ ತಾಳಬೇಕು. ಅದು ಮೋಡದ ಚೂರಲ್ಲ. ದೇವಯಾನಿ ಎಂದೂ ಆಂಡ್ರೊಮಿಡಾ ಎಂದೂ ಕರೆಯಲ್ಪಡುವ ಗೆಲಾಕ್ಸಿಯು ಅದೇ. ಅಂದರೆ ನಮ್ಮ ಆಕಾಶಗಂಗೆಯಂತೆಯೇ ಅಸಂಖ್ಯ ನಕ್ಷತ್ರಗಳು ಕೂಡಿರುವ ಬೇರೊಂದು ಮಹಾಸಮೂಹ. ಅಲ್ಲಿಂದ ಹೊರಟ ಬೆಳಕು ನಮ್ಮನ್ನು ಮುಟ್ಟುವದಕ್ಕೆ ಸುಮಾರು 25 ಲಕ್ಷ ವರ್ಷ ಹಿಡಿಯುವದು.

ಇದೇ ಗೆಲಾಕ್ಸಿಯನ್ನು ಯಾರೋ ಒಬ್ಬ ಹವ್ಯಾಸಿಯು ತನ್ನ ಮನೆಯ ಹಿತ್ತಲಿನಿಂದ ತೆಗೆದ ಛಾಯಾಚಿತ್ರವೊಂದನ್ನು ಶಾಲೆಗೆ ಹೋಗುವ ಹುಡುಗನೊಬ್ಬನು ಮೊಬೈಲಿನಲ್ಲಿ ತನ್ನ ಅಜ್ಜನವರಿಗೆ ತೋರಿಸಿದನು. ನಡುವೆ ಹೊಂಬಣ್ಣದ ಹೊಳಪು, ಸುತ್ತಲೂ ಸುಳಿಸುಳಿಯಾಗಿ ನೀಲಿ ತೋಳುಗಳು, ಅವುಗಳ ಮೇಲೆ ಕೆಂಪು ಚುಕ್ಕೆಗಳು. ಅಜ್ಜನವರು ಬಹಳ ಹೊತ್ತು ನೋಡಿ, "ಇದನ್ನು ಕಣ್ಣಾರೆ ಹೀಗೆ ನೋಡಿದವರು ಯಾರಾದರೂ ಉಂಟೋ, ಮಗಾ?" ಎಂದು ಕೇಳಿದರು.

"ಇಲ್ಲ ಅಜ್ಜಾ, ಕಣ್ಣಿಗೆ ಹೀಗೆ ಕಾಣುವದಿಲ್ಲವಂತೆ. ಎಷ್ಟೋ ತಾಸು ಫೋಟೋ ತೆಗೆದು ಆಮೇಲೆ ಕಂಪ್ಯೂಟರಿನಲ್ಲಿ ಸರಿಮಾಡುತ್ತಾರಂತೆ."

"ಹಾಗಾದರೆ ಇದು ಸರಿಮಾಡಿದ್ದು, ನೋಡಿದ್ದಲ್ಲ" ಎಂದು ಅವರು ಮೊಬೈಲನ್ನು ಹಿಂದಕ್ಕೆ ಕೊಟ್ಟರು.

ಅದೇ ಜಗಲಿಯಲ್ಲಿ ಕೂತಿದ್ದ ನನಗೆ ಉತ್ತರವು ಕೂಡಲೇ ತೋಚಲಿಲ್ಲ. ಆದರೆ ಆ ಮಾತು ಹಗುರವಾದದ್ದಲ್ಲ. ಒಬ್ಬನ ಮಾನವೂ ಒಂದು ಜಮೀನಿನ ಮೇರೆಯೂ ಒಂದು ಚಿತ್ರದ ಮೇಲೆ ನಿಲ್ಲುವ ಕಾಲ ಇದು. ಯಾವ ಚಿತ್ರವು ಸಾಕ್ಷಿ, ಯಾವದು ಕಟ್ಟುಕಥೆ ಎಂದು ತಿಳಿಯುವ ಬಗೆಯನ್ನು ನಾವು ಕಲಿಯಲೇಬೇಕಾಗಿದೆ. ಇದನ್ನು ಕಲಿಯುವದಕ್ಕೆ ಈ ನಕ್ಷತ್ರದ ಹವ್ಯಾಸಿಗಳ ಕೆಲಸದಷ್ಟು ಒಳ್ಳೇ ಪಾಠಶಾಲೆಯನ್ನು ನಾನು ಬೇರೆ ಕಂಡಿಲ್ಲ. ಅವರಿಗೆ ಅದರಿಂದ ಹಣ ಬರುವದಿಲ್ಲ. ಆದರೂ ಸುಂದರವಾದ ಚಿತ್ರವನ್ನು ತೋರಿಸಬೇಕೆಂಬ ಶೋಧನೆಯು ಪ್ರತಿ ರಾತ್ರಿಯೂ ಅವರ ಎದುರಿಗೆ ನಿಲ್ಲುವದು.

ಕೆಲಸವು ನಡೆಯುವ ರೀತಿ ಹೇಗಂದರೆ: ಹಿತ್ತಲಲ್ಲಿ ಒಂದು ಸಣ್ಣ ಕೋಣೆ, ಅದರ ಮಾಡು ಕಂಬಿಗಳ ಮೇಲೆ ಹಿಂದಕ್ಕೆ ಸರಿಯುವಂಥಾದ್ದು. ಒಳಗೆ ಗಟ್ಟಿಯಾದ ಕಂಬದ ಮೇಲೆ ದುರ್ಬೀನು. ಭೂಮಿಯು ತಿರುಗುತ್ತಿರುವದರಿಂದ ನಕ್ಷತ್ರಗಳು ಸರಿಯುತ್ತಾ ಹೋಗುವವಷ್ಟೆ. ಅವುಗಳೊಡನೆ ದುರ್ಬೀನೂ ನಿಧಾನವಾಗಿ ತಿರುಗುವಂತೆ ಯಂತ್ರವುಂಟು. ನಮ್ಮ ಕಣ್ಣು ಬೆಳಕನ್ನು ಒಂದು ಕ್ಷಣದ ಅಲ್ಪಭಾಗ ಮಾತ್ರ ಕೂಡಿಸಿ, ಅನಂತರ ಅದನ್ನು ಬಿಟ್ಟು ಹೊಸದನ್ನು ನೋಡುವದು. ಇದಲ್ಲದೆ ಮಂದ ಬೆಳಕಿನಲ್ಲಿ ಕಣ್ಣಿಗೆ ಬಣ್ಣದ ಅರಿವಿಲ್ಲ. ಆದಕಾರಣ ಒಳ್ಳೇ ದುರ್ಬೀನಿನಲ್ಲಿ ಇಣಿಕಿದರೂ ಗೆಲಾಕ್ಸಿಯು ಬೂದಿಬಣ್ಣದ ಹೊಗೆಯಂತೆಯೇ ಕಾಣುವದು. ಕ್ಯಾಮರಾವಾದರೋ ಹನಿಹನಿಯಾಗಿ ಬೀಳುವ ನೀರನ್ನು ಕೊಡವು ಹಿಡಿಯುವಂತೆ ನಿಮಿಷಗಟ್ಟಲೆ ಬೆಳಕನ್ನು ಹಿಡಿಯುವದು. ಹೀಗಿರಲಾಗಿ, ಕಣ್ಣಿಗೆ ಕಾಣದ್ದೆಲ್ಲಾ ಸುಳ್ಳೆಂದು ಹೇಳಲಾಗದು. ಅಷ್ಟರ ಮಟ್ಟಿಗೆ ಅಜ್ಜನವರ ಆಕ್ಷೇಪಣೆಗೆ ಉತ್ತರ ಸಿಕ್ಕಿತು. ಆದರೆ "ಸರಿಮಾಡಿದ್ದು" ಎಂಬ ಮಾತು ಉಳಿಯಿತು.

ಆ ಸರಿಮಾಡುವಿಕೆಯಲ್ಲಿ ನನ್ನನ್ನು ಬಹಳ ಯೋಚನೆಗೆ ಈಡುಮಾಡಿದ ಒಂದು ಸಂಗತಿಯುಂಟು. ಹವ್ಯಾಸಿಯು ಆಕಾಶದ ಚಿತ್ರಗಳನ್ನು ತೆಗೆದ ಮೇಲೆ, ದುರ್ಬೀನಿನ ಬಾಯಿಗೆ ಮುಚ್ಚಳ ಹಾಕಿ, ಅಷ್ಟೇ ಹೊತ್ತು ಬರಿಯ ಕತ್ತಲೆಯ ಚಿತ್ರಗಳನ್ನೂ ತೆಗೆಯುತ್ತಾನೆ. ಯಾಕಂದರೆ ಕ್ಯಾಮರಾವು ತನ್ನ ಸ್ವಂತ ಕಾವಿನಿಂದಲೇ ಇಲ್ಲದ ಬೆಳಕನ್ನು ಹುಟ್ಟಿಸಿಕೊಳ್ಳುವದು. ಏನೂ ಇಲ್ಲದ ಕಡೆಯಲ್ಲಿ ನಕ್ಷತ್ರದಂಥಾ ಚುಕ್ಕೆಗಳನ್ನು ತೋರಿಸುವದು. ಮುಚ್ಚಳ ಹಾಕಿದಾಗಲೂ ಬಂದ ಬೆಳಕು ಆಕಾಶದ್ದಲ್ಲ, ಯಂತ್ರದ್ದೇ ಎಂದು ಗೊತ್ತಾಗುವದು. ಅದನ್ನು ಲೆಕ್ಕದಿಂದ ಕಳೆಯುವರು. ಸಂತೆಯಲ್ಲಿ ತುಪ್ಪ ಮಾರುವವಳು ಬರಿಯ ಪಾತ್ರೆಯನ್ನು ಮೊದಲು ತೂಗಿ, ಆ ತೂಕವನ್ನು ಕಳೆದು, ತುಪ್ಪಕ್ಕೆ ಮಾತ್ರ ಹಣ ಕೇಳುವದಿಲ್ಲವೇ? ಅವಳು ಲೆಕ್ಕವನ್ನು ತಿದ್ದಿದಳೆಂದು ಯಾರೂ ದೂರುವದಿಲ್ಲ, ಕಳೆಯದಿದ್ದರೇ ಮೋಸ. ಅದೇ ಪ್ರಕಾರ ಮಸೂರದ ಮೇಲಿನ ಧೂಳಿನ ನೆರಳನ್ನು ತಿಳಿಯುವದಕ್ಕೆ, ಸಮನಾಗಿ ಬೆಳಗಿದ ಬಿಳಿ ಬಟ್ಟೆಯ ಚಿತ್ರವನ್ನೂ ತೆಗೆಯುತ್ತಾರೆ. ತನ್ನ ಉಪಕರಣದ ದೋಷವನ್ನು ಇಷ್ಟು ಶ್ರದ್ಧೆಯಿಂದ ಹುಡುಕಿ, ಅದನ್ನು ಆಕಾಶದ ಮೇಲೆ ಹೊರಿಸದೆ ತನ್ನ ಲೆಕ್ಕಕ್ಕೇ ಬರೆದುಕೊಳ್ಳುವ ಪದ್ಧತಿಯು ನಮ್ಮ ನ್ಯಾಯಪಂಚಾಯಿತಿಗಳಲ್ಲಿ ಇದ್ದಿದ್ದರೆ ಎಷ್ಟೋ ಜಗಳಗಳು ಹುಟ್ಟುತ್ತಲೇ ಇರಲಿಲ್ಲ.

ಅನಂತರ ಹತ್ತಾರು ಅಥವಾ ನೂರಾರು ಚಿತ್ರಗಳನ್ನು ಒಂದರ ಮೇಲೊಂದು ಸರಿಯಾಗಿ ಹೊಂದಿಸಿ ಸರಾಸರಿ ಕಟ್ಟುವರು. ನೂರು ಸಾಕ್ಷಿಗಳು ತಪ್ಪು ಹೇಳಿದರೂ ಒಬ್ಬೊಬ್ಬರ ತಪ್ಪು ಒಂದೊಂದು ಬಗೆಯಾಗಿರುವದರಿಂದ ಅವು ಒಂದನ್ನೊಂದು ಅಳಿಸುವವು. ನಿಜವು ಮಾತ್ರ ಎಲ್ಲರ ಬಾಯಲ್ಲೂ ಒಂದೇ. 100 ಚಿತ್ರಗಳನ್ನು ಕೂಡಿಸಿದರೆ ಅಡ್ಡಾದಿಡ್ಡಿ ಚುಕ್ಕೆಗಳ ಗಲಿಬಿಲಿಯು ಹತ್ತರಲ್ಲಿ ಒಂದು ಪಾಲಿಗೆ ಇಳಿಯುವದೆಂದು ಗಣಿತವು ಹೇಳುತ್ತದೆ. ಕಡೆಗೆ ಮಂದವಾದ ಭಾಗವನ್ನು ಎತ್ತಿ ತೋರಿಸುವರು. ಬಣ್ಣಗಳು ಸಹ ಕೈಯಿಂದ ಬಳಿದವುಗಳಲ್ಲ. ಆ ಕೆಂಪು ಚುಕ್ಕೆಗಳು ಹೊಸ ನಕ್ಷತ್ರಗಳು ಹುಟ್ಟುವ ಸ್ಥಳಗಳಲ್ಲಿ ಹೈಡ್ರೋಜನ್ ಅನಿಲವು ಬೀರುವ ಬೆಳಕು. ಆದರೆ ಬಣ್ಣವನ್ನು ಎಷ್ಟು ಗಾಢ ಮಾಡಬೇಕೆಂಬದು ಮಾಡುವವನ ಇಷ್ಟಕ್ಕೆ ಬಿಟ್ಟದ್ದು, ಮತ್ತು ಅನೇಕರು ಮಿತಿ ಮೀರುತ್ತಾರೆಂದೇ ನನ್ನ ಅಭಿಪ್ರಾಯ.

ಈಗ ಹಿಂದಿನ ಕಾಲದ ಒಬ್ಬ ಹವ್ಯಾಸಿಯ ವಿಷಯ ಹೇಳುವೆನು. ಐಸಾಕ್ ರಾಬರ್ಟ್ಸ್ ಎಂಬವರು 1829ರಲ್ಲಿ ವೇಲ್ಸ್ ದೇಶದಲ್ಲಿ ಹುಟ್ಟಿ, ಲಿವರ್‌ಪೂಲ್ ಪಟ್ಟಣದಲ್ಲಿ ಕಟ್ಟಡದ ಕೆಲಸ ಕಲಿತು, ಗುತ್ತಿಗೆದಾರರಾಗಿ ಹಣ ಸಂಪಾದಿಸಿದರು. ಆ ಪಟ್ಟಣದ ಸಮೀಪದಲ್ಲಿದ್ದ ತಮ್ಮ ಮನೆಯಲ್ಲಿ 20 ಅಂಗುಲದ ಕನ್ನಡಿಯುಳ್ಳ ದುರ್ಬೀನನ್ನು ನಿಲ್ಲಿಸಿ, 1888ನೇ ಡಿಸೆಂಬರ್ 29ರಂದು ದೇವಯಾನಿಯ ಬೆಳಕನ್ನು ಗಾಜಿನ ಫಲಕದ ಮೇಲೆ ಹಿಡಿದರು. ಅದಕ್ಕೆ ಮುಂಚೆ ವಿದ್ವಾಂಸರು ಕಣ್ಣಿನಿಂದ ನೋಡಿ ಕೈಯಿಂದ ಬರೆಯುತ್ತಿದ್ದರು. 1847ರಲ್ಲಿ ಅಮೆರಿಕದ ಹಾರ್ವರ್ಡ್ ವೀಕ್ಷಣಾಲಯದ ಜಾರ್ಜ್ ಬಾಂಡ್‌ರವರು ಇದೇ ಮಬ್ಬಿನಲ್ಲಿ ಎರಡು ಕಪ್ಪು ಗೀಟುಗಳನ್ನು ಕಂಡು ಅವುಗಳನ್ನು ನೆಟ್ಟಗೆ ಬರೆದಿದ್ದರು. ಅವರು ಸುಳ್ಳು ಹೇಳಿದವರಲ್ಲ, ಕಂಡದ್ದನ್ನೇ ಬರೆದರು. ರಾಬರ್ಟ್ಸರ ಫಲಕದಲ್ಲಿಯೋ ಆ ಗೀಟುಗಳು ನೆಟ್ಟಗಿನವುಗಳಲ್ಲ, ಸುತ್ತುವ ಸುಳಿಗಳ ನಡುವಿನ ಸಂದುಗಳೆಂದು ತಿಳಿದುಬಂತು.

ಆದರೆ ಕೇಳಿರಿ. ಚಿತ್ರವನ್ನು ತೆಗೆದ ರಾಬರ್ಟ್ಸರೇ ಅದರ ಅರ್ಥವನ್ನು ತಪ್ಪು ತಿಳಿದರು. ಅನಿಲವು ಸುತ್ತುತ್ತಾ ಹೆಪ್ಪುಗಟ್ಟಿ ಒಂದು ಸೂರ್ಯನೂ ಅದರ ಗ್ರಹಗಳೂ ಹುಟ್ಟುವದೇ ಇದರಲ್ಲಿ ಕಾಣುತ್ತದೆಂದು ಅವರು ಎಣಿಸಿದರು; ಕೋಟಿಕೋಟಿ ಸೂರ್ಯರುಳ್ಳದ್ದನ್ನು ಒಂದೇ ಸೂರ್ಯನ ತೊಟ್ಟಿಲೆಂದು ಭಾವಿಸಿದರು. 1895ರಲ್ಲಿ ಇಂಗ್ಲೆಂಡಿನ ರಾಯಲ್ ಖಗೋಳ ಸಂಘವು ಅವರಿಗೆ ಚಿನ್ನದ ಪದಕವನ್ನು ಕೊಟ್ಟಿತು. 1904ರಲ್ಲಿ ಅವರು ತೀರಿಹೋದರು. 1923ರಲ್ಲಿ ಎಡ್ವಿನ್ ಹಬಲ್‌ರವರು ಮೌಂಟ್ ವಿಲ್ಸನ್ ಬೆಟ್ಟದ 100 ಅಂಗುಲದ ದುರ್ಬೀನಿನಿಂದ ಅದರೊಳಗೆ ಹೊಳಪು ಏರಿಳಿಯುವ ಒಂದು ನಕ್ಷತ್ರವನ್ನು ಗುರುತಿಸಿ, ಅದರ ಮೂಲಕ ಆ ಮಬ್ಬು ನಮ್ಮ ಆಕಾಶಗಂಗೆಯ ಹೊರಗೆ ಬಹುದೂರದಲ್ಲಿ ಇರುವದೆಂದು ತೋರಿಸಿದರು. ರಾಬರ್ಟ್ಸರ ಅಭಿಪ್ರಾಯವು ಬಿದ್ದುಹೋಯಿತು. ಫಲಕವೋ ನಿಂತಿತು. ಯಾಕಂದರೆ ಅವರ ತಪ್ಪು ಫಲಕದ ಪಕ್ಕದಲ್ಲಿ ಇತ್ತೇ ಹೊರತು ಫಲಕದ ಒಳಗೆ ಇರಲಿಲ್ಲ. ತಾವು ನಂಬಿದ್ದಕ್ಕೆ ತಕ್ಕಂತೆ ಒಂದು ಸುಳಿಯನ್ನಾದರೂ ಅವರು ಗಾಜಿನ ಮೇಲೆ ತಿದ್ದಿದ್ದರೆ, ಮುಂದಿನವರು ಅವರನ್ನು ತಿದ್ದುವ ದಾರಿಯೇ ಮುಚ್ಚಿಹೋಗುತ್ತಿತ್ತು.

ನಮ್ಮ ಕಾಲದ ಅಪಾಯವು ಇಲ್ಲಿಯೇ ಇದೆ. 2023ನೇ ಮಾರ್ಚ್ ತಿಂಗಳಲ್ಲಿ ಒಬ್ಬನು ಚಂದ್ರನ ಚಿತ್ರವನ್ನು ಬೇಕೆಂದೇ ಮಸುಕುಮಾಡಿ ಕಂಪ್ಯೂಟರಿನ ಪರದೆಯ ಮೇಲಿಟ್ಟು, ಕೋಣೆಯ ದೀಪ ಆರಿಸಿ, ದೂರದಿಂದ ಒಂದು ಬಗೆಯ ಮೊಬೈಲಿನಲ್ಲಿ ಅದರ ಫೋಟೋ ತೆಗೆದನು. ಪರದೆಯ ಮೇಲೆ ಇಲ್ಲದ ಕುಳಿಗಳೂ ಗೆರೆಗಳೂ ಫೋಟೋದಲ್ಲಿ ಮೂಡಿದವು! ಚಂದ್ರನು ಹೇಗಿರುವನೆಂದು ಆ ಯಂತ್ರಕ್ಕೆ ಮೊದಲೇ ಕಲಿಸಲಾಗಿತ್ತು. ಅದು ಎದುರಿಗೆ ಇದ್ದದ್ದನ್ನಲ್ಲ, ಇರಬೇಕಾದದ್ದನ್ನು ಬರೆಯಿತು. ಕುಳಿಗಳು ನಿಜವಾದ ಚಂದ್ರನಲ್ಲಿ ಉಂಟಲ್ಲಾ, ಆದದರಿಂದ ಏನು ಕೇಡು ಎಂದು ಕೆಲವರು ಹೇಳಬಹುದು. ಕೊಲೆ ನಡೆದ ರಾತ್ರಿ ಊರಲ್ಲೇ ಇರದವನು, ಊರವರ ಮಾತು ಕೇಳಿಕೊಂಡು ಬಂದು, "ನಾನೇ ನೋಡಿದೆನು" ಎಂದು ನ್ಯಾಯಸ್ಥಾನದಲ್ಲಿ ಹೇಳಿದರೆ, ಅವನ ಮಾತು ಅಕ್ಷರಶಃ ನಿಜವಾಗಿದ್ದರೂ ಅವನು ಸುಳ್ಳುಸಾಕ್ಷಿಯೇ. ಗೆಲಾಕ್ಸಿಗಳ ಚಿತ್ರವನ್ನು ಚೊಕ್ಕಮಾಡುವದಕ್ಕೂ ಇಂಥಾ ಕಲಿತ ಯಂತ್ರಗಳು ಈಗ ಬಂದಿವೆ. ಅವು ಗಲಿಬಿಲಿಯನ್ನು ತೆಗೆಯುವ ಹೆಸರಿನಲ್ಲಿ ಕೆಲವು ಸಾರಿ ಇಲ್ಲದ ನವಿರುಗೆರೆಗಳನ್ನು ಸೇರಿಸುವವು. ರಾಬರ್ಟ್ಸರ ಪಕ್ಕದಲ್ಲಿದ್ದ ಅಭಿಪ್ರಾಯವು ಈಗ ಫಲಕದೊಳಗೇ ಇಳಿಯುತ್ತದೆ.

ಹಾಗಾದರೆ ತೆಗೆಯುವದು ನಿರ್ದೋಷ, ಸೇರಿಸುವದು ಪಾಪ ಎಂದು ನಿಯಮ ಮಾಡಿಬಿಡೋಣವೇ? ನಾನೂ ಕೆಲವು ದಿನ ಹಾಗೆಯೇ ಎಣಿಸಿದ್ದೆನು. ಆದರೆ ಅದು ಸಾಲದು. ನೂರು ಚಿತ್ರಗಳನ್ನು ಕೂಡಿಸುವಾಗ, ಒಂದರಲ್ಲಿ ಮಾತ್ರ ಇದ್ದು ಉಳಿದವುಗಳಲ್ಲಿ ಇಲ್ಲದ್ದನ್ನು ಯಂತ್ರವು ಗುಡಿಸಿಹಾಕುವದು. ಹಾದುಹೋದ ವಿಮಾನ, ಉಪಗ್ರಹದ ಗೀಟು ಇವೆಲ್ಲಾ ಹೀಗೆಯೇ ಹೋಗುವವು. ಅದೇ ಪೊರಕೆಯು ನಿಜವಾಗಿ ಆಕಾಶದಲ್ಲಿ ನಡೆದದ್ದನ್ನೂ ಗುಡಿಸಬಲ್ಲದು. ಹತ್ತು ಮಂದಿಯ ಮಾತಿಗೆ ಸೇರದ ಒಬ್ಬನ ಮಾತನ್ನು ಕೇಳದೆಯೇ ತಳ್ಳಿಹಾಕುವ ಪಂಚರನ್ನು ನಾವು ಕಂಡಿದ್ದೇವೆ.

ಅರ್ಜೆಂಟೀನ ದೇಶದ ರೊಸಾರಿಯೋ ಪಟ್ಟಣದಲ್ಲಿ ಬೀಗದ ಕಸುಬಿನ ವಿಕ್ಟರ್ ಬೂಸೋ ಎಂಬವರಿಗೆ ಮನೆಯ ಮೇಲೆಯೇ ಸ್ವಂತ ವೀಕ್ಷಣಾಲಯವಿತ್ತು. 2016ನೇ ಸೆಪ್ಟಂಬರ್ 20ರ ರಾತ್ರಿ ಅವರು ಒಂದು ಹೊಸ ಕ್ಯಾಮರಾವನ್ನು ಪರೀಕ್ಷಿಸುವದಕ್ಕಾಗಿ, ಸುಮಾರು 8 ಕೋಟಿ ಬೆಳಕಿನ ವರ್ಷಗಳಾಚೆಯ ಒಂದು ಸುಳಿ ಗೆಲಾಕ್ಸಿಯ ಕಡೆಗೆ ದುರ್ಬೀನನ್ನು ತಿರುಗಿಸಿದರು. ಪಟ್ಟಣದ ದೀಪಗಳ ಬೆಳಕು ಹೆಚ್ಚಾದ್ದರಿಂದ ಒಂದೊಂದು ಚಿತ್ರಕ್ಕೂ ಸೆಕೆಂಡುಗಳಷ್ಟೇ ಹೊತ್ತು. ಮೊದಲಿನ ಚಿತ್ರಗಳಲ್ಲಿ ಇಲ್ಲದ ಒಂದು ಚುಕ್ಕೆಯು ಆಮೇಲಿನವುಗಳಲ್ಲಿ ತೋರಿ, ನೋಡನೋಡುತ್ತಾ ಹೊಳಪಿನಲ್ಲಿ ಏರಿತು. ಅದು ಸಿಡಿಯುತ್ತಿದ್ದ ನಕ್ಷತ್ರದ ಮೊತ್ತಮೊದಲನೆಯ ಬೆಳಕು. ಇಂಥಾ ಬೆಳಕು ತೋರುವ ಗಳಿಗೆಯು ಮುಂದಾಗಿ ಗೊತ್ತಿರುವದಿಲ್ಲವಾದ್ದರಿಂದ ದೊಡ್ಡ ವೀಕ್ಷಣಾಲಯಗಳಿಗೂ ಅದು ಸಿಕ್ಕುವದು ದುರ್ಲಭ. ಅವರು ಎಲ್ಲವನ್ನೂ ಒಂದೇ ಸುಂದರ ಚಿತ್ರವಾಗಿ ಕೂಡಿಸಿ ಉಳಿದವುಗಳನ್ನು ಅಳಿಸಿಬಿಟ್ಟಿದ್ದರೆ ಆ ಏರಿಕೆಯು ಸರಾಸರಿಯಲ್ಲಿ ಮುಳುಗಿಹೋಗುತ್ತಿತ್ತು. ಆ ಮೂಲಚಿತ್ರಗಳ ಆಧಾರದಿಂದ ಖಗೋಳಜ್ಞರಾದ ಮೆಲೀನಾ ಬೆರ್ಸ್ಟೆನ್ ಎಂಬಾಕೆಯೂ ಜೊತೆಯವರೂ ಬರೆದ ಲೇಖನವು 2018ರಲ್ಲಿ ನೇಚರ್ ಎಂಬ ಪತ್ರಿಕೆಯಲ್ಲಿ ಪ್ರಕಟವಾಯಿತು.

ಇದರಿಂದ ನನಗೆ ತೋರುವದೇನಂದರೆ, ಚಿತ್ರಕ್ಕೆ ಕೈ ಹಚ್ಚಿದರೋ ಇಲ್ಲವೋ ಎಂಬದು ಸರಿಯಾದ ಪ್ರಶ್ನೆಯಲ್ಲ. ಕೈ ಹಚ್ಚದ ಚಿತ್ರವೇ ಇಲ್ಲ. ಯಂತ್ರದ್ದನ್ನು ಯಂತ್ರಕ್ಕೆ ಬಿಟ್ಟು ಆಕಾಶದ್ದನ್ನು ಮಾತ್ರ ಉಳಿಸಿದರೋ? ಮಾಡಿದ್ದನ್ನು ಹೇಳಿದರೋ? ಮತ್ತೊಬ್ಬನು ಬಂದು ಮೊದಲಿನಿಂದ ಲೆಕ್ಕ ನೋಡುವಂತೆ ಮೂಲವನ್ನು ಕಾದಿಟ್ಟರೋ? 2022ರಲ್ಲಿ ಫ್ರಾನ್ಸ್ ದೇಶದ ಹವ್ಯಾಸಿಗಳೂ ಅವರ ಜರ್ಮನ್ ಸ್ನೇಹಿತನೂ ಇದೇ ದೇವಯಾನಿಯ ಪಕ್ಕದಲ್ಲಿ, ಮೂರು ಹುಣ್ಣಿಮೆಯ ಚಂದ್ರರನ್ನು ಸಾಲಾಗಿ ಇಟ್ಟಷ್ಟು ಉದ್ದದ, ಆಮ್ಲಜನಕದ ಬೆಳಕಿನ ಒಂದು ಮಂದ ಕಮಾನನ್ನು ಕಂಡರು. ಲೋಕದಲ್ಲಿ ಅತಿ ಹೆಚ್ಚಾಗಿ ಚಿತ್ರ ತೆಗೆಯಲ್ಪಟ್ಟ ಸ್ಥಳಗಳಲ್ಲಿ ಅದೂ ಒಂದು. ಅಲ್ಲಿ ಹೊಸದು ಇದ್ದೀತೆಂದು ಯಾರೂ ನೆನಸಿರಲಿಲ್ಲ. ತಮ್ಮ ಗಾಜಿನೊಳಗಿನ ಪ್ರತಿಫಲನವಾಗಿರಬಹುದೆಂಬ ಸಂಶಯಕ್ಕೆ ಎಡೆಯಿಲ್ಲದಂತೆ, ಬೇರೆ ಬೇರೆ ದುರ್ಬೀನುಗಳಲ್ಲಿಯೂ ಅದು ಕಂಡ ಮೇಲೆ 2023ರ ಆರಂಭದಲ್ಲಿ ಲೋಕಕ್ಕೆ ತಿಳಿಸಿದರು.

ಕೆಲವು ದಿನಗಳಾದ ಮೇಲೆ ಆ ಹುಡುಗನು ಚಿತ್ರದ ಕೆಳಗೆ ತೆಗೆದವನು ಬರೆದಿದ್ದ ಟಿಪ್ಪಣಿಯನ್ನು ಹುಡುಕಿ ತಂದನು. ಅಜ್ಜನವರು ಕನ್ನಡಕ ಒರಸಿಕೊಂಡು, "ಓದು" ಅಂದರು. ಎಷ್ಟು ತಾಸು, ಎಷ್ಟು ಚಿತ್ರ, ಮುಚ್ಚಳ ಹಾಕಿ ತೆಗೆದವು ಎಷ್ಟು ಎಂದು ಅವನು ಅರ್ಥ ಹೇಳುತ್ತಾ ಓದಿದನು. ಕಡೆಯಲ್ಲಿ, ಗೆಲಾಕ್ಸಿಯು ಎದ್ದುಕಾಣಲೆಂದು ಸುತ್ತಲಿನ ನಕ್ಷತ್ರಗಳನ್ನು ಇರುವದಕ್ಕಿಂತ ಚಿಕ್ಕದಾಗಿ ಮಾಡಿದ್ದೇನೆಂದು ಒಂದು ಸಾಲು ಇತ್ತು.

"ಅದನ್ನೂ ಅವನೇ ಬರೆದಿದ್ದಾನೋ?"

"ಹೌದು ಅಜ್ಜಾ, ಅವನೇ."

"ಮೊಬೈಲು ಇಲ್ಲಿ ಕೊಡು" ಎಂದು ಅವರು ಚಿತ್ರವನ್ನು ಇನ್ನೊಂದು ಸಾರಿ ಹತ್ತಿರ ಹಿಡಿದು ನೋಡಿದರು.