ಬೆದರಿದ ಏಳು ಮಂದಿ

(ಶಿಲ್ಪಿಯ ಕೆಲಸದ ಮನೆ. ಮೇಷ್ಟ್ರು ಓದಲು ಕೊಟ್ಟಿದ್ದ ಟೋಲ್ಕಿನ್‌ನ ‘ಸಿಲ್ಮರಿಲಿಯನ್’ ಬಾಚಿ, ಚಾಣಗಳ ನಡುವೆ ತೆರೆದು ಬಿದ್ದಿದೆ. ಶಿಲ್ಪಿ ಔಲೆಯ ಅಧ್ಯಾಯ ದಾಟಿ ಮುಂದೆ ಹೋಗಿಲ್ಲ.)

ಶಿಲ್ಪಿ: ಈ ಔಲೆ ಮಾಡಿದ ತಪ್ಪಾದರೂ ಏನು ಮೇಷ್ಟ್ರೇ? ದೇವತೆಗಳಲ್ಲಿ ಅವನು ಕಮ್ಮಾರ, ನಮ್ಮ ಪೈಕಿ. ವಿದ್ಯೆ ಇದೆ, ಕಲಿಯೋರಿಲ್ಲ. ಸೃಷ್ಟಿಕರ್ತ ಇಲೂವತಾರ್‌ನ ಮಕ್ಕಳು, ಅಂದರೆ ಎಲ್ಫರು, ಮನುಷ್ಯರು, ಇನ್ನೂ ಕಣ್ಣೇ ಬಿಟ್ಟಿಲ್ಲ. ಕಾದು ಸಾಕಾಗಿ ಬೆಟ್ಟದ ಅಡಿಯಲ್ಲಿ ಗುಟ್ಟಾಗಿ ಏಳು ಮಂದಿ ಡ್ವಾರ್ಫರನ್ನು ಮಾಡಿದ. ಅವರಿಗೊಂದು ಭಾಷೆಯನ್ನೂ ಕಲಿಸಲು ಕೂತ.

ಮೇಷ್ಟ್ರು: ಆಕಾರ ಕೊಡುವುದು ಅವನ ಕೈಲಿತ್ತು, ಜೀವ ಕೊಡುವುದು ಇರಲಿಲ್ಲ. ಇಲೂವತಾರ್ ಆಕ್ಷೇಪಿಸಿದ್ದು ಅದನ್ನೇ. ಔಲೆ ನೆನೆದರೆ ಅವು ಅಲ್ಲಾಡುತ್ತವೆ, ಅವನ ಗಮನ ಅತ್ತ ಹೋದರೆ ನಿಂತಲ್ಲೇ ನಿಲ್ಲುತ್ತವೆ.

ಶಿಲ್ಪಿ: ಸೂತ್ರದ ಬೊಂಬೆ. ಅದಕ್ಕೇ ಅಳುತ್ತಾ ಅವನ್ನು ಒಡೆಯಲು ಸುತ್ತಿಗೆ ಎತ್ತಿದ. ಇಲೂವತಾರ್ ತಡೆದ. ಇದು ಮಗನನ್ನು ಬಲಿ ಕೊಡಲು ಹೊರಟ ಅಬ್ರಹಾಮನ ಕಥೆ ಅಲ್ಲವೇ? ಬರೆದವನು ಕ್ಯಾಥೊಲಿಕ್ ಬೇರೆ.

ಮೇಷ್ಟ್ರು: ಹೋಲುತ್ತದೆ. ಆದರೆ ಅಲ್ಲಿ ಪರೀಕ್ಷೆ ಅಪ್ಪನಿಗೆ. ಮಗ ಇಸಾಕ ಬೆದರಿದನೋ ಇಲ್ಲವೋ, ಆ ಕಥೆಗೆ ಅದು ಬೇಕಿಲ್ಲ. ಇಲ್ಲಿ ಎಲ್ಲವೂ ನಿಂತಿರುವುದು ಬೆದರಿದ್ದರ ಮೇಲೆ. ಸುತ್ತಿಗೆ ಎದ್ದ ಕೂಡಲೇ ಏಳೂ ಮಂದಿ ಕುಗ್ಗಿ, ತಲೆಬಾಗಿ ಬೇಡಿಕೊಂಡರು. ಆಗ ಔಲೆಯ ಮನಸ್ಸಿನಲ್ಲಿದ್ದದ್ದು ಒಡೆಯಬೇಕು ಅನ್ನುವುದೊಂದೇ. ಅವರ ಮನಸ್ಸಿನಲ್ಲಿ ಉಳಿಯಬೇಕು ಅಂತ ಬಂತು. ಮಾಡಿದವನ ಇಚ್ಛೆಗೆ ಎದುರಾಗಿ ಅವರದೇ ಒಂದು ಇಚ್ಛೆ ಹುಟ್ಟಿದೆಯಲ್ಲ, ಆ ಕುಲ ಹುಟ್ಟಿದ್ದು ಆ ಗಳಿಗೆಯಲ್ಲಿ ಅಂತ ನನ್ನ ಲೆಕ್ಕ. ಅಚ್ಚಿನಿಂದ ಎತ್ತಿದ ದಿನ ಅಲ್ಲ.

ಶಿಲ್ಪಿ: ನಾಯಿಯೂ ಬೆದರುತ್ತದೆ.

ಮೇಷ್ಟ್ರು: ನಾಯಿ ಯಾರ ಬೊಂಬೆಯೂ ಅಲ್ಲವಲ್ಲಪ್ಪ.

ಶಿಲ್ಪಿ: ಅದೂ ಸರಿಯೇ, ಒಪ್ಪಿದೆ. ಇನ್ನೊಂದು ಅನುಮಾನ. ಏಳೂ ಪಿತಾಮಹರೇ ಆದರೆ ವಂಶ ಬೆಳೆದದ್ದು ಹೇಗೆ?

ಮೇಷ್ಟ್ರು: ಹೆಂಗಸರಿದ್ದರು. ಒಟ್ಟು ಜನರಲ್ಲಿ ಮೂರನೇ ಒಂದು ಪಾಲು ಇದ್ದರೆ ಹೆಚ್ಚು ಅಂತ ಗಿಮ್ಲಿ ಎಂಬ ಡ್ವಾರ್ಫ್ ಹೇಳಿದ್ದಾಗಿ ‘ಲಾರ್ಡ್ ಆಫ್ ದಿ ರಿಂಗ್ಸ್’ನ ಅನುಬಂಧದಲ್ಲಿದೆ. ಹೊರಗೆ ಬರುವುದೇ ಅಪರೂಪ. ಬಂದರೂ ದನಿ, ಉಡುಪು ಎಲ್ಲ ಗಂಡಸರ ಹಾಗೆ.

ಶಿಲ್ಪಿ: ಗಡ್ಡ?

ಮೇಷ್ಟ್ರು: ಗಡ್ಡಕ್ಕೆ ಕೈ ಹಾಕಿದರೆ ಸಂಜೆಯಾಗುತ್ತದೆ, ಬಿಡು. ಹೆಂಗಸರು ಕಣ್ಣಿಗೆ ಬೀಳದ್ದರಿಂದ ಮನುಷ್ಯರು ಏನೆಂದುಕೊಂಡರು ಗೊತ್ತೇ? ಡ್ವಾರ್ಫರಲ್ಲಿ ಹೆಣ್ಣೇ ಇಲ್ಲ, ಅವರು ಕಲ್ಲಿನಿಂದ ಮೊಳೆಯುತ್ತಾರೆ ಅಂತ! ತಿಳಿಯದವರ ಬಾಯಲ್ಲಿ ಒಂದು ಕುಲದ ಹುಟ್ಟು ಹೀಗಾಗುತ್ತದೆ. ಎಲ್ಫರು ಅಷ್ಟು ದಡ್ಡರಲ್ಲ, ಅದಕ್ಕೇ ಅವರು ಹೇಳುವ ಕಥೆ ಹೆಚ್ಚು ಅಪಾಯದ್ದು. ಟೋಲ್ಕಿನ್ ತೀರಿಕೊಂಡ ನಾಲ್ಕು ವರ್ಷಕ್ಕೆ, 1977ರಲ್ಲಿ, ಮಗ ಕ್ರಿಸ್ಟೋಫರ್ ಹೊರತಂದ ಈ ಪುಸ್ತಕ ಬಹುಪಾಲು ಎಲ್ಫರ ಕಡೆಯಿಂದ ಹೇಳಿದ ಪುರಾಣ. ಅದರಲ್ಲಿ ಡ್ವಾರ್ಫರ ಸ್ಥಾನ ನೋಡು. ಮೊದಲು ತಯಾರಾದವರು ಇವರು, ಆದರೆ ಎಲ್ಫರು ಏಳುವ ತನಕ ಮಲಗಿರಬೇಕು. ಎಲ್ಫರು ದೇವರು ಆರಿಸಿಕೊಂಡ ಮಕ್ಕಳು, ಇವರು ದತ್ತು. ಸತ್ತರೆ ಮತ್ತೆ ಕಲ್ಲಾಗುತ್ತಾರೆ ಅಂತ ಎಲ್ಫರ ನಂಬಿಕೆ. ಡ್ವಾರ್ಫರನ್ನೇ ಕೇಳಿದರೆ ಬೇರೆ ಹೇಳುತ್ತಾರೆ: ತಾವು ಮಹಲ್ ಅಂತ ಕರೆಯುವ ಔಲೆ ತಮ್ಮನ್ನು ಸತ್ತವರು ಸೇರುವ ಮಾಂಡೋಸ್‌ನ ಪ್ರತ್ಯೇಕ ಮಂದಿರದಲ್ಲಿ ಸೇರಿಸಿಕೊಳ್ಳುತ್ತಾನೆ, ಕೊನೆಯ ಯುದ್ಧ ಮುಗಿದ ಮೇಲೆ ಜಗತ್ತನ್ನು ಮತ್ತೆ ಕಟ್ಟುವಾಗ ಅವನ ಜೊತೆ ಕೆಲಸಕ್ಕೆ ನಿಲ್ಲುತ್ತೇವೆ. ಪುಸ್ತಕದಲ್ಲಿ ಇದಕ್ಕೆ ಸಿಕ್ಕಿರುವುದು ಕೆಲವೇ ಸಾಲು. ಬೆಲೇರಿಯಾಂಡ್‌ನ ಎಲ್ಫರಂತೂ ಅಲ್ಲಿದ್ದ ಕಿರುಡ್ವಾರ್ಫರನ್ನು ಯಾರೆಂದು ತಿಳಿಯದೆ ಬೇಟೆಯಾಡಿ ಕೊಂದರು. ಆಮೇಲೆ ತಿಳಿಯಿತು, ಬಿಟ್ಟರು. ನಮ್ಮಲ್ಲೂ ಯಾರು ಮುಖದಿಂದ, ಯಾರು ಪಾದದಿಂದ ಹುಟ್ಟಿದರು ಅಂತ ಹೇಳಿದವರು ಪಾದದವರಲ್ಲ. ಮಾದಿಗರ ಜಾಂಬಪುರಾಣ ಕೇಳು, ಭೂಮಿ ಹುಟ್ಟುವ ಮೊದಲೇ ಅವರ ಮೂಲಪುರುಷ ಜಾಂಬವ ಹುಟ್ಟಿದ್ದ.

ಶಿಲ್ಪಿ: ಆದರೆ ಎಲ್ಫರ ಬಾಯಿ, ಡ್ವಾರ್ಫರ ಬಾಯಿ ಎರಡೂ ಟೋಲ್ಕಿನ್‌ನದೇ.

ಮೇಷ್ಟ್ರು: ಅವನದೇ. ಆದರೂ ಡ್ವಾರ್ಫರಿಗೆ ಅವನೊಂದು ಬಾಗಿಲು ಕೊಟ್ಟಿದ್ದಾನೆ, ಒಳಗಿನಿಂದ ಅಗಳಿ ಹಾಕಿಕೊಳ್ಳುವಂಥದ್ದು. ಔಲೆ ಕಲಿಸಿದ ಖುಜ್ದುಲ್ ಭಾಷೆಯನ್ನು ಹೊರಗಿನವರಿಗೆ ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ನಿಜ ಹೆಸರನ್ನು ಗೋರಿಯ ಮೇಲೂ ಕೆತ್ತಿಸುವುದಿಲ್ಲ. ನಮಗೆ ಗೊತ್ತಿರುವ ಗಿಮ್ಲಿ, ಬಾಲಿನ್ ಎಲ್ಲ ಹೊರಗಿನ ಹೆಸರುಗಳು. ಆ ಏಳು ಮಂದಿ ತಮ್ಮ ಹುಟ್ಟನ್ನು ತಮ್ಮ ಮಾತಿನಲ್ಲಿ ಹೇಗೆ ಹೇಳಿಕೊಂಡರೋ ನಮ್ಮ ಕಿವಿಗೆ ಬಿದ್ದಿಲ್ಲ.

ಶಿಲ್ಪಿ: ಸರಿ. ಹಾಗಿದ್ದರೆ ಯವನ್ನಾಳ ಮಾತು ಎಲ್ಲಿಗೆ ಬಂತು?

ಮೇಷ್ಟ್ರು: ಔಲೆಯ ಹೆಂಡತಿಯದೇ? ಡ್ವಾರ್ಫರು ತಾವು ಮಾಡಿದ್ದನ್ನೇ ಪ್ರೀತಿಸುತ್ತಾರೆ, ನನ್ನ ಮರಗಳನ್ನು ಉಳಿಸುವುದಿಲ್ಲ ಅಂದಳು.

ಶಿಲ್ಪಿ: ಪ್ರಾಣಿ ಓಡಬಹುದು, ಎದುರು ಬೀಳಬಹುದು, ಬೇರೂರಿದ್ದಕ್ಕೆ ಆಗುವುದಿಲ್ಲ ಅಂತಲೂ ಅಂದಳು. ಬೆದರಿದ್ದೇ ಜೀವದ ಗುರುತು ಅಂದಿರಿ, ನಾನೂ ಹೂಂ ಅಂದೆ. ಕೊಡಲಿ ಎತ್ತಿದಾಗ ಮರ ಕುಗ್ಗುವುದಿಲ್ಲ, ತಲೆಬಾಗಿ ಬೇಡುವುದಿಲ್ಲ. ನಿಮ್ಮ ಲೆಕ್ಕದಲ್ಲಿ ಅದು ಯಾರ ಬೊಂಬೆ?

ಮೇಷ್ಟ್ರು: ಅದಕ್ಕೇ ಮರದಂಥ ಮೈಯ ಎಂಟ್‌ಗಳು ಬಂದರಲ್ಲ, ಕಾಡು ಕಾಯಲು.

ಶಿಲ್ಪಿ: ಬಂದರು, ಮರಗಳ ಪರವಾಗಿ ಮಾತಾಡಲು. ಅದೂ ಬೇರೆಯವರ ಬಾಯೇ ಆಯಿತು.

ಮೇಷ್ಟ್ರು: ಎಂಟ್‌ಗಳನ್ನು ಬೇರೆಯವರು ಅನ್ನಬೇಕೋ ಬೇಡವೋ... ಪುಸ್ತಕ ಕೊಡಿಲ್ಲಿ, ಆ ಪುಟ ಮತ್ತೆ ನೋಡಬೇಕು.