ಕಾಲವನ್ನರಿತ ಅತಿಥಿಗಳು



ದೇವರನ್ನು ಮರೆತ ಜನರನ್ನು ನಾಚಿಸುವದಕ್ಕಾಗಿ ಪ್ರವಾದಿಯಾದ ಯೆರೆಮೀಯನು ವಲಸೆಹೋಗುವ ಹಕ್ಕಿಗಳನ್ನು ಸಾಕ್ಷಿಗೆ ಕರೆದನು. ಆ ಸಾಕ್ಷಿಯು ನಮ್ಮ ನಾಡಿನಲ್ಲಿಯೂ ಉಂಟು. ಮದ್ದೂರು ತಾಲೂಕಿನ ಕೊಕ್ಕರೆ ಬೆಳ್ಳೂರಿಗೆ ಚಳಿಗಾಲದಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಬಂದು, ಮನೆಗಳ ನಡುವಣ ಹುಣಿಸೇಮರಗಳಲ್ಲಿ ಗೂಡು ಕಟ್ಟುವವು. ಬೇಸಗೆಯಲ್ಲಿ ಕೆರೆಹೊಳೆಗಳ ಮೀನುಗಳಿಂದ ಮರಿಗಳನ್ನು ಪೋಷಿಸುವವು. ಮಳೆಗಾಲದ ಹೊತ್ತಿಗೆ ಮರಿಗಳೊಡನೆ ಹಾರಿಹೋಗುವವು.

ಹುಣಿಸೇಹಣ್ಣನ್ನು ಬಡಿದಿಳಿಸುವ ಕಾಲವೂ ಅದೇ. ಮರವನ್ನು ಬಡಿದರೆ ಗೂಡು ಬೀಳುವದು. ಬಿಟ್ಟರೆ ಫಲವು ನಷ್ಟವಾಗುವದು. ಆದರೂ ಅಲ್ಲಿಯ ಒಕ್ಕಲುಮಕ್ಕಳು ತಲೆಮಾರುಗಳಿಂದ ಕೋಲನ್ನು ಕೆಳಗಿಟ್ಟು, ಹಿಕ್ಕೆಯ ಗೊಬ್ಬರದಿಂದ ತೃಪ್ತರಾಗಿ ಅವುಗಳನ್ನು ಕಾಪಾಡಿದ್ದಾರೆ. ಸರಕಾರವು ಆ ಸ್ಥಳವನ್ನು ಸಮುದಾಯ ಮೀಸಲು ಪ್ರದೇಶವೆಂದು ಸಾರಿದ್ದು 2007ರಲ್ಲಿ. ಜನರ ಕರುಣೆಯಾದರೋ ಅದಕ್ಕಿಂತ ಬಹಳ ಹಳೆಯದು.

ಪ್ರಿಯರೇ, ಅತಿಥಿಯು ಬರುವ ಹೊತ್ತು ಅನೇಕಸಾರಿ ನಮ್ಮ ಲಾಭದ ಹೊತ್ತೇ ಆಗಿರುವದು. ಹಕ್ಕಿಯು ತನ್ನ ಕಾಲವನ್ನು ಬಲ್ಲದು. ಕರುಣೆ ತೋರಿಸತಕ್ಕ ಕಾಲವನ್ನು ನಾವು ಬಲ್ಲೆವೋ? ಹಸಿದವನು ಬಾಗಲಿಗೆ ಬಂದಾಗ, ಸುಗ್ಗಿ ಮುಗಿಯಲಿ, ಆಮೇಲೆ ನೋಡೋಣ ಎನ್ನಬೇಡಿರಿ. ದೇವರೇ ಅವನನ್ನು ಕಳುಹಿಸಿದನೆಂದು ತಿಳಿದು, ನಿಮ್ಮ ಕೈಯಲ್ಲಿರುವ ಕೋಲನ್ನು ಕೆಳಗಿಡಿರಿ.