ಸೌಟು ಹಿಡಿದ ಕೈ

ಬೆಂಗಳೂರಿನ ಪಶ್ಚಿಮದಲ್ಲಿ, ನಾಗರಭಾವಿಯ ಆಸುಪಾಸಿನ ಅನ್ನಪೂರ್ಣೇಶ್ವರಿ ನಗರದ ಬೀದಿಗಳಲ್ಲಿ ಸಂಜೆಯ ಹೊತ್ತು ನಿಧಾನವಾಗಿ ನಡೆದುಹೋಗುವವನಿಗೆ, ಮೂವತ್ತು-ನಲವತ್ತರ ನಿವೇಶನಗಳಲ್ಲಿ ಒತ್ತೊತ್ತಾಗಿ ಎದ್ದುನಿಂತ ಮನೆಗಳ ಒಂದು ಲಕ್ಷಣ ಬಲುಬೇಗ ಗೋಚರವಾಗುತ್ತದೆ. ಬೀದಿಗೆ ಮುಖಮಾಡಿದ ಗೋಡೆಗೆ ಗ್ರಾನೈಟಿನ ಹೊದಿಕೆ, ತೇಗದ ಬಾಗಿಲಿಗೆ ಲಕ್ಷ್ಮಿಯ ಕೆತ್ತನೆ, ಮಹಡಿಯ ಬಾಲ್ಕನಿಗೆ ಗಾಜಿನ ಅಂಚು. ಆದರೆ ಪಕ್ಕದ ಖಾಲಿ ಸೈಟಿನ ಕಡೆಯಿಂದ ನೋಡಿದರೆ ಅದೇ ಮನೆಯ ಮಗ್ಗುಲ ಗೋಡೆ ಗಾರೆಯನ್ನೇ ಕಾಣದೆ, ಸಿಮೆಂಟ್ ಬ್ಲಾಕುಗಳ ಸಂದುಗಳನ್ನು ಹಾಗೆಯೇ ತೋರುತ್ತ ನಿಂತಿರುತ್ತದೆ. ಮಳೆಗಾಲದಲ್ಲಿ ತೇವ ಒಳಗಿಳಿದು ಮಲಗುವ ಕೋಣೆಯ ಬಣ್ಣ ಉದುರುವುದು ಆ ಮಗ್ಗುಲಿನಿಂದಲೇ. ಕಟ್ಟಿಸಿದವನನ್ನು ಇದಕ್ಕಾಗಿ ಹಳಿಯುವ ಮನಸ್ಸು ನನಗಿಲ್ಲ. ಬ್ಯಾಂಕಿನ ಸಾಲದ ಕೊನೆಯ ಕಂತು ಕೈಸೇರಿ ಕರಗುತ್ತಿರುವಾಗ ಯಾವುದಾದರೊಂದನ್ನು ಬಿಡಲೇಬೇಕು, ಅವನು ಇದನ್ನು ಬಿಟ್ಟ. ಕಾಣುವ ಕಡೆ ಕೈಬಿಚ್ಚು, ಕಾಣದ ಕಡೆ ಕೈಬಿಗಿ ಎಂಬುದು ಯಾವ ಧರ್ಮಶಾಸ್ತ್ರದಲ್ಲಿಯೂ ಬರೆದಿಲ್ಲದಿದ್ದರೂ ನಮ್ಮ ಗೃಹಸ್ಥರಲ್ಲಿ ಬಹುಮಂದಿ ನಿಷ್ಠೆಯಿಂದ ಪಾಲಿಸಿಕೊಂಡು ಬರುತ್ತಿರುವ ವಿಧಿಯಾಗಿದೆ. ಬೆಳಗ್ಗೆ ಸೊಪ್ಪಿನವಳೊಡನೆ ದಂಟಿನ ಕಟ್ಟಿಗೆ ಐದು ರೂಪಾಯಿ ಇಳಿಸಲು ಗೇಟಿನ ಬಳಿ ನಿಂತು ವಾದಿಸುವ ನಾಲಗೆಯೇ, ಅಕ್ಷಯತೃತೀಯೆಯ ದಿನ ಚಿನ್ನದಂಗಡಿಯ ಬಿಲ್ಲಿನಲ್ಲಿ ವೇಸ್ಟೇಜು, ಮಜೂರಿ ಎಂದು ಬರೆದ ಸಾವಿರಗಳ ಮುಂದೆ ಮೌನವ್ರತವನ್ನು ಹಿಡಿಯುತ್ತದೆ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ವೆಚ್ಚದ ಒಟ್ಟು ಮೇರೆಯನ್ನು ಹೇಳುತ್ತದೆಯೇ ಹೊರತು, ಆ ಮೇರೆಯೊಳಗೆ ಯಾವುದಕ್ಕೆ ಹೆಚ್ಚು, ಯಾವುದಕ್ಕೆ ಕಡಿಮೆ ಎಂಬ ತೊಡಕನ್ನು ಬಿಡಿಸುವುದಿಲ್ಲ. ಗ್ರೀಸಿನ ಅರಿಸ್ಟಾಟಲನು ತನ್ನ ನೀತಿಶಾಸ್ತ್ರದ ನಾಲ್ಕನೆಯ ಭಾಗದಲ್ಲಿ ಔದಾರ್ಯವನ್ನೂ ಮಹಾವ್ಯಯವನ್ನೂ ಬೇರೆ ಬೇರೆ ಗುಣಗಳಾಗಿ ವಿಂಗಡಿಸಿ, ದೇವಕಾರ್ಯಕ್ಕೂ ಊರಿನ ಹಿತಕ್ಕೂ ದೊಡ್ಡ ಕೈಯಿಂದ ಸುರಿಯುವವನನ್ನು ಮೆಚ್ಚುತ್ತಾನೆ. ಗೆಳೆಯರ ಸಣ್ಣ ಕೂಟಕ್ಕೆ ಮದುವೆಯೂಟದಷ್ಟು ಬಡಿಸುವವನನ್ನು ಅಭಿರುಚಿಗೇಡಿಯೆಂದು ತಳ್ಳಿಬಿಡುತ್ತಾನೆ. ಔಚಿತ್ಯವೇ ಅವನ ಅಳತೆಗೋಲು. ಅಳತೆಗೋಲು ಒಳ್ಳೆಯದೇ, ಆದರೆ ಅದು ಕೊಡುವವನ ಅಂತಸ್ತನ್ನು ಅಳೆದಷ್ಟು ಚೆನ್ನಾಗಿ, ಪಡೆಯುವವನ ಹಸಿವನ್ನು ಅಳೆಯಲಾರದು.

ನಮ್ಮ ತೈತ್ತಿರೀಯ ಉಪನಿಷತ್ತಿನ ಭೃಗುವಲ್ಲಿಯಲ್ಲಿ ಅನ್ನದ ವಿಷಯವಾಗಿ ಕೆಲವು ವ್ರತಗಳನ್ನು ಒಂದರ ಬೆನ್ನಿಗೊಂದು ವಿಧಿಸಿದೆ: ಅನ್ನವನ್ನು ನಿಂದಿಸಬಾರದು, ಅನ್ನವನ್ನು ತೊರೆದುಬಿಡಬಾರದು, ಅನ್ನವನ್ನು ಬಹುವಾಗಿ ಮಾಡಬೇಕು, ನೆಲೆಯನ್ನರಸಿ ಬಂದ ಯಾರನ್ನೂ ಇಲ್ಲವೆಂದು ಕಳುಹಿಸಬಾರದು. ಬಿಸುಡಬೇಡ ಎಂಬ ಮಿತವ್ಯಯವೂ, ಸಮೃದ್ಧಿಯಾಗಿ ಮಾಡು ಎಂಬ ಧಾರಾಳವೂ ಇಲ್ಲಿ ಎದುರಾಳಿಗಳಾಗಿ ನಿಂತಿಲ್ಲ. ಬಾಗಿಲಿಗೆ ಬರಲಿರುವವನನ್ನು ನೆನೆದು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಅನ್ನಪೂರ್ಣೇಶ್ವರಿ ನಗರಕ್ಕೆ ಹೆಸರಾದ ದೇವಿಯ ಕಥೆಯೂ ಇದೇ ಜಾಡಿನದು. ಜಗತ್ತೆಲ್ಲ ಮಾಯೆ, ಅನ್ನವೂ ಮಾಯೆಯೆಂದು ಶಿವನು ಹೇಳಲು, ಪಾರ್ವತಿಯು ಮರೆಯಾಗಿ, ಲೋಕವು ಹಸಿದು, ಕಡೆಗೆ ಸಾಕ್ಷಾತ್ ವೈರಾಗ್ಯಮೂರ್ತಿಯೇ ಕಾಶಿಯಲ್ಲಿ ಆಕೆಯ ಮುಂದೆ ಭಿಕ್ಷಾಪಾತ್ರೆಯನ್ನು ಒಡ್ಡಿ ನಿಂತನೆಂಬುದು ಐತಿಹ್ಯ. ಪಟಗಳಲ್ಲಿ ಆಕೆಯ ಒಂದು ಕೈಯಲ್ಲಿ ಪಾತ್ರೆ, ಇನ್ನೊಂದರಲ್ಲಿ ಸೌಟು. ಸೌಟಿಗೆ ಅಳತೆಯಿದೆ ಎಂಬುದನ್ನು ಭಕ್ತರು ಅಷ್ಟಾಗಿ ಗಮನಿಸಿದಂತೆ ಕಾಣೆ.

ಈ ಅಳತೆಯ ಸೂಕ್ಷ್ಮವನ್ನು ಕನ್ನಡ ನಾಡಿನಲ್ಲಿ ಎಲ್ಲರಿಗಿಂತ ನಿಶಿತವಾಗಿ ಕಂಡವಳು, ನನ್ನ ಮಟ್ಟಿಗೆ, ಹನ್ನೆರಡನೆಯ ಶತಮಾನದ ಆಯ್ದಕ್ಕಿ ಲಕ್ಕಮ್ಮ. ಇಂದಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದು ನೆಲಸಿದ ಈ ದಂಪತಿಗಳಲ್ಲಿ ಗಂಡ ಮಾರಯ್ಯನ ಕಾಯಕ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು. ಲಕ್ಕಮ್ಮನದು ಅದನ್ನು ಬೇಯಿಸಿ ಜಂಗಮರಿಗೆ ಬಡಿಸಿ ಉಳಿದುದನ್ನು ಪ್ರಸಾದವಾಗಿ ಸ್ವೀಕರಿಸುವುದು. ಒಂದು ದಿನ ಬಸವಣ್ಣನವರು, ಪರೀಕ್ಷೆಗೋ ಪ್ರೀತಿಗೋ, ಬೇಕೆಂದೇ ಹೆಚ್ಚು ಅಕ್ಕಿಯನ್ನು ಚೆಲ್ಲಿಸಿದರು. ಮಾರಯ್ಯನು ಸಂತೋಷದಿಂದ ಅಷ್ಟನ್ನೂ ಸೆರಗಿನಲ್ಲಿ ಕಟ್ಟಿಕೊಂಡು ಬಂದನು. ಆಕೆ ಗಂಟನ್ನು ನೋಡಿದಳು. ನಿತ್ಯದ ಪ್ರಮಾಣಕ್ಕಿಂತ ಮಿಗಿಲಾದುದನ್ನು ಆಸೆಯೆಂದು ಕರೆದಳು. ಮಿಕ್ಕುದನ್ನು ಅಲ್ಲಿಯೇ ಸುರಿದು ಬಾ ಎಂದು ಗಂಡನನ್ನು ತಿರುಗಿ ಕಳುಹಿಸಿದಳು. ಮುಂದೆ ಆ ಹಿಡಿಯಕ್ಕಿಯಲ್ಲಿಯೇ ಲೆಕ್ಕವಿಲ್ಲದಷ್ಟು ಜಂಗಮರು ಉಂಡರೆಂದು ಕಥೆ ಪವಾಡಕ್ಕೆ ತಿರುಗುತ್ತದೆ. ನನಗೆ ಆ ಭಾಗ ಅಷ್ಟು ಮುಖ್ಯವೆನಿಸಿಲ್ಲ.

ಆಕೆ ಮರಳಿಸಿದ ಅಕ್ಕಿ ತಮ್ಮ ಹೊಟ್ಟೆಗಾಗಿ ತಂದದ್ದಾಗಿದ್ದರೆ ಅದನ್ನು ಸಾಮಾನ್ಯ ಸಂಯಮವೆಂದು ಹೊಗಳಿ ಮುಂದೆ ಹೋಗಬಹುದಾಗಿತ್ತು. ಅದು ದಾಸೋಹಕ್ಕೆಂದು ತಂದ ಅಕ್ಕಿ, ಪರರ ಎಲೆಗೆ ಬೀಳಬೇಕಾಗಿದ್ದ ಅನ್ನ. ದಾನದ ಹೆಸರಿನಲ್ಲಿ ಬಂದ ಹೆಚ್ಚಳವನ್ನೂ ಹೆಚ್ಚಳವೆಂದೇ ಗುರುತಿಸುವುದಕ್ಕೆ ವಿಶೇಷವಾದ ಕಣ್ಣು ಬೇಕು. ಧಾರಾಳವಾಗಿ ಕೊಡು, ಆದರೆ ದುಡಿದ ನಿನ್ನ ಪಾಲಿನೊಳಗಿಂದ ಕೊಡು. ಹೆಚ್ಚು ಕೊಡಬೇಕೆಂಬ ನೆಪದಿಂದ ಹೆಚ್ಚು ಗಳಿಸುವ ಚಟವನ್ನು ಬೆಳೆಸಿಕೊಳ್ಳಬೇಡ ಎಂಬುದು ಆಕೆಯ ನಿಲುವೆಂದು ನಾನು ತಿಳಿದಿದ್ದೇನೆ. ಜಿಪುಣ ಶ್ರೀನಿವಾಸನಾಯಕನು ಹೆಂಡತಿಯ ಮೂಗುತಿಯ ಪ್ರಸಂಗದಿಂದ ಕಣ್ತೆರೆದು, ಸಕಲ ಸಂಪತ್ತನ್ನೂ ತೊರೆದು ಪುರಂದರದಾಸನಾದ ಕಥೆಯನ್ನು ನಾವು ಮಕ್ಕಳಿಗೆ ಹೆಚ್ಚು ಹೇಳುತ್ತೇವೆ. ಅದು ಭವ್ಯವಾದುದು, ಸಂದೇಹವಿಲ್ಲ. ಆದರೂ ಸರ್ವಸಂಗ್ರಹದಿಂದ ಸರ್ವತ್ಯಾಗಕ್ಕೆ ಒಂದೇ ನೆಗೆತದಲ್ಲಿ ಹಾರುವುದು ಮಹಾತ್ಮರಿಗೆ ಸಾಧ್ಯ. ಪ್ರತಿ ತಿಂಗಳ ಮೊದಲ ವಾರದಲ್ಲಿ ಶಾಲೆಯ ಫೀಸು, ಹಾಲಿನ ಬಾಕಿ, ಅಮ್ಮನ ಔಷಧಿ ಎಂದು ಲೆಕ್ಕಹಾಕಿ ಕೂರುವ ಗೃಹಸ್ಥನಿಗೆ ಲಕ್ಕಮ್ಮನೇ ಹತ್ತಿರದವಳು.

ಇನ್ನೊಂದು ಮಾತನ್ನು ಕೇಳಬೇಕು: ಉಳಿತಾಯದ ಹೊರೆ ಬೀಳುವುದು ಯಾರ ಮೇಲೆ? ನಮ್ಮ ಊರಿನವರೇ ಆಗಿ ಬಾಳಿದ ಡಿ.ವಿ. ಗುಂಡಪ್ಪನವರಿಗೆ 1970ರಲ್ಲಿ ನಾಗರಿಕರು ಸನ್ಮಾನಪೂರ್ವಕವಾಗಿ ಒಂದು ಲಕ್ಷ ರೂಪಾಯಿಗಳನ್ನು ಅರ್ಪಿಸಿದಾಗ, ಅವರು ಅದನ್ನು ಮನೆಗೆ ಒಯ್ಯದೆ, 1945ರಲ್ಲಿ ತಾವೇ ಸ್ಥಾಪಿಸಿದ್ದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಗೆ ಕೊಟ್ಟುಬಿಟ್ಟರು. ಅಂದಿನ ಒಂದು ಲಕ್ಷವೆಂದರೆ ಸಾಮಾನ್ಯವಲ್ಲ. ಪುಸ್ತಕಕ್ಕೆ, ಚರ್ಚೆಗೆ, ಸಾರ್ವಜನಿಕ ಶಿಕ್ಷಣಕ್ಕೆ ಬಿಚ್ಚಿದ ಈ ಬಗೆಯ ಕೈಗೆ ನಾನು ಮನಸಾರೆ ವಂದಿಸುತ್ತೇನೆ. ಆದರೆ ಅವರ ಜೀವನದ ಕುರಿತು ಹೇಳಿಕೊಂಡು ಬಂದಿರುವ ಇನ್ನೊಂದು ಪ್ರಸಂಗವೂ ಇದೆ: ಬಂಧುಗಳ ಮನೆಯ ಸಮಾರಂಭಕ್ಕೆ ಹೆಂಡತಿ ಏಕೆ ಹೋಗಲಿಲ್ಲವೆಂದು ವಿಚಾರಿಸಲು, ಉಡಲು ನೆಟ್ಟಗಿನ ಸೀರೆಯಿಲ್ಲವೆಂಬುದೂ, ಗಂಡನ ಮಾನಕ್ಕೆ ಕುಂದು ಬಾರದಿರಲೆಂದೇ ಆಕೆ ಮನೆಯಲ್ಲಿ ಉಳಿದಳೆಂಬುದೂ ತಿಳಿಯಿತಂತೆ. ಈ ಕಥೆಯನ್ನು ಆಕೆಯ ಸಹನೆಯ ದೃಷ್ಟಾಂತವಾಗಿ ಹೇಳುವುದು ರೂಢಿ. ಓದುವಾಗಲೆಲ್ಲ ನನಗೆ ಹೆಮ್ಮೆಯೊಡನೆ ಒಂದು ಮುಜುಗರವೂ ಆಗುತ್ತದೆ. ಸಂತರ, ದೇಶಭಕ್ತರ, ಪತ್ರಿಕೋದ್ಯಮಿಗಳ ನಿಸ್ಪೃಹತೆಯ ಲೆಕ್ಕಪುಸ್ತಕದಲ್ಲಿ ಒಂದು ಪುಟವನ್ನು ಅಡುಗೆಮನೆಯಲ್ಲಿದ್ದವರು ತುಂಬಿರುತ್ತಾರೆ. ಅಲ್ಲಿ ಅವರ ಸಹಿಯಿರುವುದಿಲ್ಲ. ಲಕ್ಕಮ್ಮನ ಮನೆಯಲ್ಲಿ ಸಾಕೆಂದವಳು ಲಕ್ಕಮ್ಮನೇ. ಈ ವ್ಯತ್ಯಾಸವನ್ನು ಸಣ್ಣದೆಂದು ನಾನು ಒಪ್ಪಲಾರೆ.

ಹಾಗೆ ತನ್ನ ನಿರ್ಧಾರ ತನ್ನದೇ ಆಗಿದ್ದ ಮತ್ತೊಬ್ಬಳು ಅತ್ತಿಮಬ್ಬೆ. ಯುದ್ಧದಲ್ಲಿ ಗಂಡ ನಾಗದೇವನನ್ನು ಕಳೆದುಕೊಂಡು, ಸವತಿಯೂ ಆಗಿದ್ದ ತಂಗಿ ಗುಂಡಮಬ್ಬೆ ಸಹಗಮನ ಮಾಡಿದ ಮೇಲೆ, ಎಳೆಯ ಮಗನಿಗಾಗಿ ಉಳಿದ ಆಕೆ ತನ್ನ ಬಾಳನ್ನು ವ್ರತನಿಯಮಗಳಿಂದ ಕಿರಿದುಮಾಡಿಕೊಂಡು, ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಲಕ್ಕುಂಡಿಯಲ್ಲಿ 1007ರ ಸುಮಾರಿಗೆ ಬಸದಿಯನ್ನು ಕಟ್ಟಿಸಿದಳು. ಅಚ್ಚಿನ ಯಂತ್ರವಿಲ್ಲದ ಕಾಲದಲ್ಲಿ ಸಾವಿರ ಪ್ರತಿಯೆಂದರೆ ಸಾವಿರ ಸಲ ಮೊದಲಿನಿಂದ ಕೊನೆಯವರೆಗೆ ಓಲೆಯ ಮೇಲೆ ಕಂಟದಿಂದ ಕೊರೆಯುವ ಕೆಲಸ. ಯಾವ ಗೃಹಕೃತ್ಯದ ಲೆಕ್ಕದಲ್ಲಿ ನೋಡಿದರೂ ಅತಿರೇಕವೇ. ನೂರು ಸಾಲದೇ ಎಂದು ಅಂದಿನ ಯಾವನಾದರೂ ಶಾನುಭೋಗ ಕೇಳಿದ್ದರೆ ಆಶ್ಚರ್ಯವಿಲ್ಲ.

ಈಗ ಮದುವೆಯ ಮಾತು. ನಮ್ಮ ಕಾಲದ ಜಗಳವೆಲ್ಲ ಬಂದು ನಿಲ್ಲುವುದು ಅಲ್ಲಿಯೇ. ಕುವೆಂಪು ಅವರು 1966ರಲ್ಲಿ ಮಗ ತೇಜಸ್ವಿಯ ವಿವಾಹವನ್ನು ಮಂತ್ರಮಾಂಗಲ್ಯದ ಸರಳ ವಿಧಿಯಿಂದ ನೆರವೇರಿಸಿದರು. ಧರ್ಮಸ್ಥಳದಲ್ಲಿ 1972ರಿಂದ ಸಾಮೂಹಿಕ ವಿವಾಹಗಳು ನಡೆದು ಸಾವಿರಾರು ಬಡ ಕುಟುಂಬಗಳು ಸಾಲದಿಂದ ಪಾರಾದವು. ಇತ್ತ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು 2012ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಈ ನಗರದ ಕಲ್ಯಾಣಮಂಟಪಗಳಲ್ಲಿ ವರ್ಷಕ್ಕೆ ಸುಮಾರು 943 ಟನ್ ಆಹಾರ ವ್ಯರ್ಥವಾಗುತ್ತದೆಂದು ಅಂದಾಜುಮಾಡಿತು. ಇಷ್ಟನ್ನು ಕೇಳಿದೊಡನೆ ಸರಳ ವಿವಾಹವೇ ಧರ್ಮ, ಉಳಿದುದೆಲ್ಲ ಆಡಂಬರವೆಂದು ತೀರ್ಪು ಕೊಡಲು ಮನಸ್ಸು ಹಾತೊರೆಯುತ್ತದೆ. ನಾನು ಅಷ್ಟು ದೂರ ಹೋಗಲಾರೆ. ಮಧ್ಯಮವರ್ಗದ ತಾಯಿಯೊಬ್ಬಳ ಬೀರುವಿನಲ್ಲಿ ಹಳೆಯ ನೋಟುಪುಸ್ತಕವೊಂದಿರುತ್ತದೆ. ಯಾರ ಮನೆಯಿಂದ ಎಷ್ಟು ಮುಯ್ಯಿ ಬಂತು, ಯಾರು ಸೀರೆ ಕೊಟ್ಟರು, ಯಾರು ಬೆಳ್ಳಿಯ ಕುಂಕುಮದ ಬಟ್ಟಲು ತಂದರು ಎಂಬುದೆಲ್ಲ ಅದರಲ್ಲಿ ದಾಖಲಾಗಿದೆ. ಮೂವತ್ತು ವರ್ಷ ನೆಂಟರಿಷ್ಟರ ಪಂಕ್ತಿಯಲ್ಲಿ ಕೂತು ಉಂಡವಳಿಗೆ, ಮಗಳ ಮದುವೆಯಲ್ಲಿ ಅವರನ್ನೆಲ್ಲ ಕರೆದು ಬಡಿಸುವುದು ಋಣಸಂದಾಯ. ಅವಳನ್ನು ದುಂದುಗಾರ್ತಿಯೆಂದು ಜರೆಯುವ ಅಧಿಕಾರ, ಅದೇ ಪಂಕ್ತಿಯಲ್ಲಿ ಹೋಳಿಗೆಗೆ ತುಪ್ಪ ಹಾಕಿಸಿಕೊಂಡ ನಮಗಿಲ್ಲ.

ಆದಕಾರಣ ಮದುವೆಯ ಮನೆಯವರು ಕೇಳಿದರೆ ನಾನು ಹೇಳುವುದು ಇಷ್ಟು. ಕರೆಯಬೇಕಾದವರನ್ನು ಕರೆಯಿರಿ, ಹೊಟ್ಟೆತುಂಬ ಬಡಿಸಿರಿ. ಮೂವತ್ತು ಬಗೆ ಬೇಡ. ಒಂದು ಕೋಸಂಬರಿ, ಎರಡು ಪಲ್ಯ, ಒಂದು ಸಿಹಿ, ತಿಳಿಸಾರು ಚೆನ್ನಾಗಿರಲಿ. ಎರಡನೆಯ ಸುತ್ತಿನಲ್ಲಿ ಬಡಿಸುವವರು ಕೇಳಿ ಬಡಿಸಲಿ. ವೇದಿಕೆಯ ಹೂವಿನ ಅಲಂಕಾರದಲ್ಲಿ ಅರ್ಧವನ್ನು ಕಡಿಯಿರಿ, ಮರುದಿನ ಬೆಳಗ್ಗೆ ಅದನ್ನು ಹೊರುವುದು ಪೌರಕಾರ್ಮಿಕರ ಗಾಡಿ. ಅಡುಗೆ ಭಟ್ಟರೊಡನೆ ಬೇಕಾದರೆ ಚೌಕಾಸಿ ಮಾಡಿ. ಹಿಂದಿನ ಅಂಗಳದಲ್ಲಿ ಕೊಪ್ಪರಿಗೆ ಉಜ್ಜಲು ಬಂದ ಹೆಂಗಸರ ಕೂಲಿಯಲ್ಲಿ ಮಾತ್ರ ಚೌಕಾಸಿ ಬೇಡ, ಅವರಿಗೂ ಎಲೆ ಹಾಕಿ ಕೂರಿಸಿ ಬಡಿಸಿರಿ, ಊಟ ತಣಿಯುವುದಕ್ಕೆ ಮೊದಲು.